ಕ್ರಿಸ್ಮಸ್ ರಜೆ, ಮೆಕ್ಸಿಕೋ ಕರಾವಳಿ ಮತ್ತು ಜನವರಿ 2ರ ಟಿಕೆಟ್

ಪ್ರಶ್ನೆ: ನಾವು ಹನ್ನೊಂದು ವರ್ಷಗಳಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ನನ್ನ ಪತಿಯ ಸಹೋದ್ಯೋಗಿಯೊಬ್ಬರು ಕಳೆದ ವರ್ಷ 42 ಅಡಿ ಉದ್ದದ ಹಾಯಿದೋಣಿಯೊಂದನ್ನು ಕೊಂಡಿದ್ದಾರೆ. ಡಿಸೆಂಬರ್ 20ರಂದು ಸ್ಯಾನ್ ಡಿಯಾಗೋದಿಂದ ಹೊರಟು, ಕ್ರಿಸ್ಮಸ್ ರಜೆಯನ್ನೆಲ್ಲ ದೋಣಿಯಲ್ಲೇ ಕಳೆಯುತ್ತ ಮೆಕ್ಸಿಕೋದ ಕಾಬೋ ಸಾನ್ ಲೂಕಾಸ್ ತಲುಪುವುದು ಅವರ ಯೋಜನೆ. ತಲೆಗೆ ಇಷ್ಟೆಂದು ಖರ್ಚು ಹಂಚಿಕೊಂಡರೆ ನಮ್ಮನ್ನೂ ಕರೆದೊಯ್ಯುವುದಾಗಿ ಹೇಳುತ್ತಾರೆ. ಜನವರಿ 2ಕ್ಕೆ ಕಾಬೋದಿಂದ ಮರಳುವ ವಿಮಾನವನ್ನು ಈಗಲೇ ಕಾಯ್ದಿರಿಸಿದರೆ ಅಗ್ಗವಂತೆ. ನಾವು ಐದು ಜನ: ನಾವಿಬ್ಬರು, 14ರ ಮಗ, 9ರ ಮಗಳು ಮತ್ತು ಶಿವಮೊಗ್ಗದಿಂದ ಬಂದಿರುವ 68 ವರ್ಷದ ನನ್ನ ಮಾವನವರು. ಮಾವನವರಿಗೆ ರಕ್ತದೊತ್ತಡದ ಮಾತ್ರೆ ಇದೆ. ಈಜು ಬರುವುದು ಮಗನಿಗೆ ಮಾತ್ರ. ನಾವು ಸಸ್ಯಾಹಾರಿಗಳು. ಬಂಧುಗಳು ಚಂಡಮಾರುತ, ಕಡಲ್ಗಳ್ಳರು ಎಂದು ಹೆದರಿಸುತ್ತಿದ್ದಾರೆ. ಸಹೋದ್ಯೋಗಿ ಮಾತ್ರ ಡಿಸೆಂಬರ್‌ನಲ್ಲಿ ಅಲ್ಲಿಯ ಕಡಲು ಕೆರೆಯಂತಿರುತ್ತದೆ ಎನ್ನುತ್ತಾರೆ. ಮೆಕ್ಸಿಕೋದ ಲಾ ಪಾಸ್‌ಗೆ ವಿಮಾನದಲ್ಲಿ ಹೋಗಿ, ಅಲ್ಲಿ ಒಂದು ವಾರ ದೋಣಿ ಬಾಡಿಗೆಗೆ ಪಡೆಯಬಹುದೆಂದೂ ಕೇಳಿದ್ದೇವೆ. ನನ್ನ, ಪತಿಯ ಮತ್ತು ಮಗನ ಪಾಸ್‌ಪೋರ್ಟ್‌ಗಳಲ್ಲಿ ಅಮೆರಿಕದ ವೀಸಾ ಮುದ್ರೆಯ ಅವಧಿ ಮುಗಿದಿದೆ. ಮಗಳು ಇಲ್ಲಿಯೇ ಹುಟ್ಟಿದವಳು. ಅವಳದ್ದೂ ಒಂದು ಪ್ರಶ್ನೆ ಇದೆ: ದೋಣಿಯ ಕಂಬಕ್ಕೆ ಕ್ರಿಸ್ಮಸ್ ನಕ್ಷತ್ರ ಕಟ್ಟಬಹುದೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮನ್ನು ಕಾಡುತ್ತಿರುವುದು ಎರಡು ಪ್ರಶ್ನೆಗಳು. ಈ ಪ್ರಯಾಣ ಅಪಾಯಕಾರಿಯೇ ಎಂಬುದು ಒಂದು. ಅಪಾಯಕಾರಿಯಾದರೆ ರಜೆಯನ್ನು ಕೈಬಿಡದೆ ಅದನ್ನು ತಪ್ಪಿಸಿಕೊಳ್ಳುವ ದಾರಿ ಇದೆಯೇ ಎಂಬುದು ಇನ್ನೊಂದು. ಬಂಧುಗಳು ಹೆದರಿಸುತ್ತಿರುವ ಎರಡು ಸಂಗತಿಗಳಿಗೆ ನೀವು ಅಷ್ಟಾಗಿ ಹೆದರಬೇಕಿಲ್ಲ. ನನ್ನನ್ನು ಬೆಚ್ಚಿಸಿದ್ದು ನೀವು ಅರ್ಧ ಸಾಲಿನಲ್ಲಿ ಹೇಳಿ ಮುಂದೆ ಹೋದ ಜನವರಿ 2ರ ವಿಮಾನದ ಟಿಕೆಟ್.

ನಾನು ಹುಟ್ಟಿದ್ದು ಹೊನ್ನಾವರದಲ್ಲಿ, ಶರಾವತಿಯ ಅಳಿವೆಯಿಂದ ಕೂಗಳತೆಯ ದೂರದಲ್ಲಿ. ಈಗ ಹದಿನೆಂಟು ವರ್ಷಗಳಿಂದ ಸ್ಯಾನ್ ಡಿಯಾಗೋದಲ್ಲಿ ಹಾಯಿದೋಣಿ ನಡೆಸುವುದನ್ನು ಕಲಿಸುತ್ತಿದ್ದೇನೆ. ಚಳಿಗಾಲಗಳಲ್ಲಿ ಇತರರ ದೋಣಿಗಳನ್ನು ಮೆಕ್ಸಿಕೋಗೆ ಮುಟ್ಟಿಸಿಯೂ ಬಂದಿದ್ದೇನೆ. ಈ ಅವಧಿಯಲ್ಲಿ ನಾನು ಕಂಡ ಅವಘಡಗಳಲ್ಲಿ ಹೆಚ್ಚಿನವಕ್ಕೆ ಬಿರುಗಾಳಿ ಮೊದಲ ಕಾರಣವಾಗಿರಲಿಲ್ಲ. ಬಂದರಿನಲ್ಲಿ ಇನ್ನೂ ಎರಡು ದಿನ ಕಾಯಬೇಕಾಗಿದ್ದವರು ರಜೆ ಮುಗಿಯುತ್ತದೆಂದು ಹೊರಟದ್ದರಿಂದಲೇ ಅವು ಆರಂಭವಾಗಿದ್ದವು.

ಮೊದಲು ಚಂಡಮಾರುತದ ಮಾತು. ಪೂರ್ವ ಪೆಸಿಫಿಕ್‌ನಲ್ಲಿ ಚಂಡಮಾರುತದ ಋತು ಮೇ 15ರಿಂದ ನವೆಂಬರ್ 30ರವರೆಗೆ ಎಂದು ಲೆಕ್ಕ. ಕ್ಯಾಲಿಫೋರ್ನಿಯಾದಿಂದ ಕೆಳಗಿಳಿಯುವ ನೂರಾರು ದೋಣಿಗಳು ಅಕ್ಟೋಬರ್ ಕೊನೆಯವರೆಗೆ ಸ್ಯಾನ್ ಡಿಯಾಗೋದಲ್ಲೇ ಕಾದು ಆಮೇಲೆ ಹೊರಡುವುದು ಇದೇ ಕಾರಣಕ್ಕೆ. 1994ರಿಂದ ನಡೆದುಬಂದಿರುವ ಬಾಹಾ ಹಾ-ಹಾ ಎಂಬ ಸಾಮೂಹಿಕ ಯಾನವೂ ಅದೇ ಹೊತ್ತಿಗೆ ಹೊರಡುತ್ತದೆ. ಹಾಗಾಗಿ ಕ್ರಿಸ್ಮಸ್ ವೇಳೆಗೆ ಚಂಡಮಾರುತದ ಭಯ ಬಹುಮಟ್ಟಿಗೆ ಕಳೆದಿರುತ್ತದೆ. ಆದರೆ ಚಂಡಮಾರುತ ಇಲ್ಲದ ಕಾಲ ಎಂದ ಮಾತ್ರಕ್ಕೆ ಅದು ಗಾಳಿ ಇಲ್ಲದ ಕಾಲವಾಗುವುದಿಲ್ಲ. 1982ರ ಡಿಸೆಂಬರ್ ಎರಡನೆಯ ವಾರದಲ್ಲಿ ಇದೇ ಕಾಬೋ ಸಾನ್ ಲೂಕಾಸ್‌ನ ಕಡಲತೀರಕ್ಕೆ ಒತ್ತಾಗಿ ಲಂಗರು ಹಾಕಿದ್ದ ದೋಣಿಗಳ ಮೇಲೆ, ತೆರೆದ ಕಡಲಿನ ಕಡೆಯಿಂದ, ಋತು ತಪ್ಪಿದ ಬಿರುಗಾಳಿಯೊಂದು ಬೀಸಿತು. ಒಂದೇ ರಾತ್ರಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ದೋಣಿಗಳು ದಡಕ್ಕೆ ಅಪ್ಪಳಿಸಿದವು. ಅವುಗಳಲ್ಲಿ ಜಗತ್ತಿನ ಕಡಲುಗಳನ್ನು ಸುತ್ತಿ ಹೆಸರಾಗಿದ್ದ ಫ್ರೆಂಚ್ ನಾವಿಕ ಬರ್ನಾರ್ಡ್ ಮೊಯಿತೆಸಿಯೇ ಅವರ ‘ಜೋಶುವಾ’ ದೋಣಿಯೂ ಇತ್ತು. ಅಂಥ ನಾವಿಕನ ದೋಣಿಯೇ ಅಲ್ಲಿ ದಡಕ್ಕೆ ಬಿತ್ತೆಂದ ಮೇಲೆ ‘ಕೆರೆಯಂತಿರುತ್ತದೆ’ ಎಂಬ ಮಾತನ್ನು ಯಾರು ಹೇಳಿದರೂ ನಾನು ಒಪ್ಪುವುದಿಲ್ಲ.

ಇನ್ನು ಕಡಲ್ಗಳ್ಳರು. ಬಂದೂಕು ಹಿಡಿದು ಹಾಯಿದೋಣಿಗಳನ್ನು ಸುಲಿಯುವವರ ಕಾಟ ಈ ಕರಾವಳಿಯ ನಿತ್ಯದ ಸಮಸ್ಯೆಯಲ್ಲ. ಇಲ್ಲಿ ಕಳುವಾಗುವುದು ಡಿಂಗಿ, ಅಂದರೆ ದೋಣಿಯಿಂದ ದಡಕ್ಕೆ ಓಡಾಡಲು ಇಟ್ಟುಕೊಳ್ಳುವ ಪುಟ್ಟ ರಬ್ಬರ್ ದೋಣಿ ಮತ್ತು ಅದರ ಮೋಟಾರು. ರಾತ್ರಿ ಅದನ್ನು ನೀರಿನಲ್ಲೇ ಬಿಡದೆ ಮೇಲೆತ್ತಿ ಬೀಗ ಹಾಕಿದರೆ ಆ ತೊಂದರೆ ಬಹುಪಾಲು ತೀರಿತು. ದಡದ ಮೇಲಿನ ಸುರಕ್ಷತೆ ಬೇರೆಯ ವಿಷಯ. ಅದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಲಾ ಪಾಸ್ ಇರುವ ದಕ್ಷಿಣ ಬಾಹಾ ಕ್ಯಾಲಿಫೋರ್ನಿಯಾ ಮತ್ತು ಮಸಾಟ್ಲಾನ್ ಇರುವ ಸಿನಾಲೋವಾಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಅಮೆರಿಕದ ವಿದೇಶಾಂಗ ಇಲಾಖೆ ರಾಜ್ಯವಾರು ನೀಡುವ ಎಚ್ಚರಿಕೆಯನ್ನು ಹೊರಡುವ ವಾರದಲ್ಲಿ ಮತ್ತೊಮ್ಮೆ ಓದಿಕೊಳ್ಳಿ.

ಈಗ ಸಹೋದ್ಯೋಗಿಯ ಯೋಜನೆಯನ್ನು ಲೆಕ್ಕಕ್ಕೆ ಹಚ್ಚೋಣ. ಸ್ಯಾನ್ ಡಿಯಾಗೋದಿಂದ ಕಾಬೋಗೆ ಸುಮಾರು 750 ನಾಟಿಕಲ್ ಮೈಲಿ, ಎಂದರೆ 1,390 ಕಿಲೋಮೀಟರ್. ನಮ್ಮ ಕರ್ನಾಟಕದ ಇಡೀ ಕರಾವಳಿಯ ನಾಲ್ಕು ಪಟ್ಟಿಗೂ ಹೆಚ್ಚು. ಅಂಥ ದೋಣಿ ಸರಾಸರಿ 6 ನಾಟ್, ಎಂದರೆ ಗಂಟೆಗೆ 6 ನಾಟಿಕಲ್ ಮೈಲಿ ವೇಗದಲ್ಲಿ ಎಡೆಬಿಡದೆ ಸಾಗಿದರೂ 125 ಗಂಟೆ, ಎಂದರೆ ಐದು ಹಗಲು ಐದು ರಾತ್ರಿಗಳಿಗೂ ಮಿಕ್ಕಿ ಬೇಕು. ಮೆಕ್ಸಿಕೋದ ಎನ್ಸೆನಾಡಾ ಬಂದರು ದಾಟಿದ ಮೇಲೆ ಡೀಸೆಲ್ ಸಿಗುವ, ಆಸರೆಯೂ ಇರುವ ತಾಣಗಳನ್ನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಹುದು. ಬಾಹಿಯಾ ತೊರ್ತುಗಾಸ್ ಒಂದು, ಅಲ್ಲಿಂದ ಇನ್ನೂರು ಮೈಲಿಗೂ ಕೆಳಗೆ ಮಗ್ದಲೇನಾ ಕೊಲ್ಲಿ ಇನ್ನೊಂದು. ನಡುವೆ ಮರುಭೂಮಿ, ಮಂಜು, ತಣ್ಣನೆಯ ನೀರು. ವಾಯವ್ಯದಿಂದ ಬೀಸುವ ಗಾಳಿ ಬೆನ್ನಿಗಿರುವುದರಿಂದ ಇಳಿಯುವಾಗ ಅಷ್ಟು ಕಷ್ಟವಿಲ್ಲ, ನಿಜ. ಆದರೆ ಹಿಂದಿನಿಂದ ಏರಿಬರುವ ತೆರೆಗಳು ದೋಣಿಯನ್ನು ಹಗಲೂ ರಾತ್ರಿ ತೊಟ್ಟಿಲಿನಂತೆ ಎಡಕ್ಕೂ ಬಲಕ್ಕೂ ಹೊರಳಿಸುತ್ತಲೇ ಇರುತ್ತವೆ. ಆ ದಿನಗಳಲ್ಲಿ ಕತ್ತಲು ಹದಿಮೂರು ಹದಿನಾಲ್ಕು ಗಂಟೆಯಷ್ಟು ದೀರ್ಘವಾಗಿರುತ್ತದೆ. ಆ ಕತ್ತಲಿನಲ್ಲಿ ಸರದಿಯ ಕಾವಲು ಕಾಯಬಲ್ಲವರು ದೋಣಿಯಲ್ಲಿ ಯಾರಿದ್ದಾರೆ? ಒಂದು ವರ್ಷದ ಅನುಭವದ ಮಾಲೀಕರು ಮಾತ್ರ. ಎರಡನೆಯ ರಾತ್ರಿಯ ಹೊತ್ತಿಗೆ ನಿದ್ದೆಗೆಟ್ಟು ಅವರ ತೀರ್ಮಾನಗಳು ತಪ್ಪತೊಡಗುತ್ತವೆ. ಅವರ ಜಾಗದಲ್ಲಿ ನಾನಿದ್ದರೂ ನನಗೂ ಹಾಗೆಯೇ ಆಗುತ್ತಿತ್ತು.

ನಡುವೆ ಒಂದೆರಡು ಕಡೆ ನಿಂತು ಹೋದರೆ ಒಂಬತ್ತು ಹತ್ತು ದಿನ ಬೇಕು. ನಿಮಗಿರುವುದು ಹದಿಮೂರು. ತೊರ್ತುಗಾಸ್‌ನಲ್ಲಿ ಹವೆ ಕೆಟ್ಟು ಮೂರು ದಿನ ಕಾಯಬೇಕಾಗಿ ಬಂದರೆ ಆ ಟಿಕೆಟ್ ಮಾತಾಡತೊಡಗುತ್ತದೆ. ನಾಳೆ ಹೊರಡೋಣ, ಗಾಳಿ ಇಷ್ಟೇನೂ ಇರಲಾರದು, ಸೋಮವಾರ ಕಚೇರಿ ಇದೆ ಎಂಬ ಮಾತುಗಳು ದೋಣಿಯ ಊಟದ ಮೇಜಿನ ಸುತ್ತ ಏಳುತ್ತವೆ. ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಕಾಬೋದಿಂದ ಲಾ ಪಾಸ್‌ಗೆ ಒಂದು ದೋಣಿಯನ್ನು ಮುಟ್ಟಿಸುವಾಗ, ಮಾಲೀಕರ ವಿಮಾನದ ಸಮಯಕ್ಕೆ ಮಣಿದು, ಮುನ್ಸೂಚನೆಯಲ್ಲಿ ಬೇಡವೆಂದಿದ್ದ ದಿನವೇ ಹೊರಟೆ. ಸೆರಾಲ್ವೋ ಜಲಸಂಧಿಯ ಬಾಯಿಯಲ್ಲಿ ಆರು ಗಂಟೆ ಹೆಣಗಿ ಹನ್ನೊಂದು ಮೈಲಿ ಸಾಗಿ, ಕೊನೆಗೆ ಹಿಂದಿರುಗಿ ಮುಎರ್ತೋಸ್ ಕೊಲ್ಲಿಯಲ್ಲಿ ಲಂಗರು ಹಾಕಿದೆ. ವಿಮಾನವೂ ತಪ್ಪಿತು, ಮುಂದಿನ ಹಾಯಿಯೂ ಹರಿಯಿತು. ಅಂದಿನಿಂದ ಮರಳುವ ಟಿಕೆಟ್‌ನ ದಿನಾಂಕವನ್ನು ಬದಲಿಸಿಕೊಳ್ಳಲು ಒಪ್ಪದವರ ದೋಣಿಯನ್ನು ನಾನು ಮುಟ್ಟಿಲ್ಲ.

ಈ ಯೋಜನೆಯಲ್ಲಿ ಇನ್ನೂ ಒಂದು ತೊಡಕಿದೆ. ಮೆಕ್ಸಿಕೋಗೆ ಹೋಗುವ ವಿದೇಶಿ ಖಾಸಗಿ ದೋಣಿಗೆ ತಾತ್ಕಾಲಿಕ ಆಮದು ಪರವಾನಗಿ ಬೇಕು. ಒಮ್ಮೆ ಪಡೆದರೆ ಹತ್ತು ವರ್ಷ ನಡೆಯುತ್ತದೆ. ಆ ಪರವಾನಗಿಯ ದೋಣಿಯಲ್ಲಿ ಹಣ ಪಡೆದು ಪ್ರಯಾಣಿಕರನ್ನು ಒಯ್ಯುವಂತಿಲ್ಲ. ಸ್ನೇಹಿತರು ದಿನಸಿಯ ಖರ್ಚು ಹಂಚಿಕೊಳ್ಳುವುದು ಬೇರೆ, ತಲೆಗೆ ಇಷ್ಟೆಂದು ದರ ಕಟ್ಟುವುದು ಬೇರೆ. ಎರಡನೆಯದೆಂದು ಕಂಡುಬಂದರೆ ಬಂದರಿನ ಅಧಿಕಾರಿಗಳಿಗಿಂತ ಮೊದಲು ವಿಮಾ ಕಂಪನಿ ಕೈತೊಳೆದುಕೊಳ್ಳುತ್ತದೆ. ಸಹೋದ್ಯೋಗಿಯ ಉದ್ದೇಶವನ್ನು ನಾನು ಅನುಮಾನಿಸುತ್ತಿಲ್ಲ. ಅವರಿಗೂ ಇದು ಗೊತ್ತಿರಲಾರದು. ಮೆಕ್ಸಿಕೋದಲ್ಲಿ ನಡೆಯುವ ಹೊಣೆಗಾರಿಕೆ ವಿಮೆ ಅವರ ದೋಣಿಗೆ ಇದೆಯೇ ಎಂದು ಕೇಳಿ ನೋಡಿ. ಉತ್ತರ ಬರುವ ರೀತಿಯಿಂದಲೇ ನಿಮಗೆ ಬಹಳಷ್ಟು ತಿಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಪ್ರಯಾಣಕ್ಕೆ ಈಜು ಬಲ್ಲ ಇಬ್ಬರು ಮೂವರು ಅನುಭವಿಗಳು ಹೋಗಲಿ. ನಿಮ್ಮ ಕುಟುಂಬಕ್ಕೆ ಇದು ಬೇಡ.

ಹಾಗಾದರೆ ಲಾ ಪಾಸ್? ಅದು ಎಷ್ಟೋ ಮೇಲು. ಆದರೆ ಅಲ್ಲಿಯ ಚಳಿಗಾಲದ ಬಡಗಣ ಗಾಳಿಯನ್ನು ಅರ್ಥ ಮಾಡಿಕೊಳ್ಳದೆ ಹೋಗಬಾರದು. ಮೆಕ್ಸಿಕೋದವರು ಅದನ್ನು ‘ನೋರ್ತೆ’ ಎನ್ನುತ್ತಾರೆ. ಅಮೆರಿಕದ ಪಶ್ಚಿಮ ಭಾಗದ ಮೇಲೆ ಶೀತಮಾರುತವೊಂದು ಹಾದುಹೋದ ನಂತರ ನೆವಾಡಾ, ಯೂಟಾ ಪ್ರಸ್ಥಭೂಮಿಯ ಮೇಲೆ ತಣ್ಣನೆಯ ಭಾರದ ಗಾಳಿ ಗುಡ್ಡೆಗಟ್ಟುತ್ತದೆ. ಅದು ಕೆಳಗಿಳಿಯಲು ದಾರಿ ಹುಡುಕುವಾಗ ಒಂದು ಪಾಲು ಲಾಸ್ ಏಂಜಲಿಸ್ ಕಡೆಗೆ ನುಗ್ಗುತ್ತದೆ. ನೀವು ಕೇಳಿರುವ ಸ್ಯಾಂಟಾ ಆನಾ ಗಾಳಿ ಅದೇ. ಇನ್ನೊಂದು ಪಾಲಿಗೆ ಕೊರ್ತೇಸ್ ಸಮುದ್ರ ಸಿಕ್ಕುತ್ತದೆ. ಪಶ್ಚಿಮಕ್ಕೆ ಬಾಹಾ ಪರ್ಯಾಯದ್ವೀಪದ ಬೆಟ್ಟಸಾಲು, ಪೂರ್ವಕ್ಕೆ ಸಿಯೆರಾ ಮಾದ್ರೆ ಪರ್ವತಗಳು, ನಡುವೆ ಸಾವಿರ ಕಿಲೋಮೀಟರಿಗೂ ಉದ್ದದ ಈ ಕಿರಿದಾದ ಕಡಲು ಗಾಳಿಗೆ ಕೊಳವೆಯಾಗುತ್ತದೆ. ಅಷ್ಟು ಉದ್ದಕ್ಕೂ ಅಡೆತಡೆಯಿಲ್ಲದೆ ನೀರನ್ನು ಕೆರಳಿಸುತ್ತ ಬರುವುದರಿಂದ ಲಾ ಪಾಸ್ ಸುತ್ತ ಅದು 20ರಿಂದ 30 ನಾಟ್‌ವರೆಗೂ ಏರಿ, ಎರಡರಿಂದ ನಾಲ್ಕು ದಿನ, ಒಮ್ಮೊಮ್ಮೆ ಇನ್ನೂ ಹೆಚ್ಚು ಬೀಸುತ್ತದೆ. ಅದು ಎಬ್ಬಿಸುವ ತೆರೆಗಳು ಎತ್ತರದಲ್ಲಿ ಭಾರಿಯಲ್ಲ. ಆದರೆ ಒಂದರ ಬೆನ್ನಿಗೆ ಒಂದು ಗೋಡೆಯಂತೆ ನೆಟ್ಟಗೆ ನಿಂತು ಬರುವುದರಿಂದ, ದೋಣಿ ಒಂದರಿಂದ ಇಳಿದು ಸಾವರಿಸಿಕೊಳ್ಳುವ ಮೊದಲೇ ಮುಂದಿನದು ಮೂತಿಗೆ ಬಡಿಯುತ್ತದೆ.

ನಮ್ಮ ಕರಾವಳಿಯವನಾದ ನನಗೆ ಇದರಲ್ಲಿ ಮೊದಮೊದಲು ಮೋಸಮಾಡಿದ್ದು ಆಕಾಶ. ಮುಂಗಾರು ಬರುವಾಗ ಪಡುವಣದಲ್ಲಿ ಕಪ್ಪು ಕಟ್ಟುತ್ತದೆ, ಕಡಲಿನ ಬಣ್ಣ ಬದಲಾಗುತ್ತದೆ, ದೋಣಿಗಳು ದಡ ಸೇರುತ್ತವೆ. ನೋರ್ತೆ ಬೀಸುವಾಗ ಆಕಾಶ ತೊಳೆದಿಟ್ಟಂತೆ ನಿರ್ಮಲವಾಗಿರುತ್ತದೆ, ಬಿಸಿಲು ಹೊಳೆಯುತ್ತಿರುತ್ತದೆ. ಆದ್ದರಿಂದ ಆಕಾಶವನ್ನು ನೋಡಿ ಹೊರಡುವಂತಿಲ್ಲ, ಹವಾಮಾನದ ನಕ್ಷೆಯನ್ನೇ ನೋಡಬೇಕು. ಮೂರು ನಾಲ್ಕು ದಿನ ಮೊದಲೇ ಮುನ್ಸೂಚನೆಯಲ್ಲಿ ಕಾಣಿಸಿಕೊಳ್ಳುವುದು ಇದರ ಒಳ್ಳೆಯ ಗುಣ. ಯೂಟಾದ ಸಾಲ್ಟ್ ಲೇಕ್ ಸಿಟಿಯ ಸುತ್ತ ಗಾಳಿಯ ಒತ್ತಡ ಏರುತ್ತಿದೆಯೆಂದರೆ ಲಾ ಪಾಸ್‌ನಲ್ಲಿರುವ ನಾವು ಆಸರೆಯ ಕೊಲ್ಲಿಗೆ ಸರಿಯುವ ಹೊತ್ತಾಯಿತು ಎಂದೇ ಅರ್ಥ.

ಆಸರೆಗಳಿಗೆ ಅಲ್ಲಿ ಕೊರತೆಯಿಲ್ಲ. ಲಾ ಪಾಸ್‌ನಿಂದ ಇಪ್ಪತ್ತು ಮೈಲಿಯ ಆಸುಪಾಸಿನಲ್ಲೇ ಎಸ್ಪಿರಿತು ಸಾಂತೋ ದ್ವೀಪವಿದೆ. 2007ರಿಂದ ಅದರ ಸುತ್ತಲಿನ ಕಡಲು ರಾಷ್ಟ್ರೀಯ ಉದ್ಯಾನ. ಕೊರ್ತೇಸ್ ಸಮುದ್ರದ ದ್ವೀಪಗಳನ್ನು ಯುನೆಸ್ಕೋ 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಎಸ್ಪಿರಿತು ಸಾಂತೋ ಮತ್ತು ಪಕ್ಕದ ಪಾರ್ತಿದಾ ದ್ವೀಪಗಳ ನಡುವಿನ ಕಲೇತಾ ಪಾರ್ತಿದಾದಲ್ಲಿ, ಅದರಾಚೆ ಸಾನ್ ಫ್ರಾನ್ಸಿಸ್ಕೋ ದ್ವೀಪದ ಕೊಕ್ಕೆಯಾಕಾರದ ಕೊಲ್ಲಿಯಲ್ಲಿ, ಎದುರು ದಡದ ಸಾನ್ ಎವಾರಿಸ್ತೋ ಎಂಬ ಮೀನುಗಾರರ ಹಳ್ಳಿಯಲ್ಲಿ ಬಡಗಣ ಗಾಳಿಗೆ ಬೆನ್ನುಕೊಟ್ಟು ಕೂರಬಹುದು. ಲಾಸ್ ಇಸ್ಲೋತೆಸ್ ಎಂಬ ಬಂಡೆಗಳಲ್ಲಿ ಕಡಲಸಿಂಹಗಳ ಬೀಡಿದೆ. ಬೇಸಿಗೆಯ ಮರಿ ಹಾಕುವ ಕಾಲದಲ್ಲಿ ಅಲ್ಲಿ ನೀರಿಗಿಳಿಯುವುದನ್ನು ನಿಷೇಧಿಸಿರುತ್ತಾರೆ. ಡಿಸೆಂಬರ್‌ನಲ್ಲಿ ಪರವಾನಗಿ ಇರುವ ಮಾರ್ಗದರ್ಶಕರೊಡನೆ ಇಳಿಯಬಹುದು. ನಿಮ್ಮ ಮಗನಿಗೆ ಅದು ಜೀವಮಾನದ ನೆನಪಾಗಬಹುದು. ಆದರೆ ನೀರು 21-22 ಡಿಗ್ರಿ ಮಾತ್ರ, ಹತ್ತು ನಿಮಿಷಕ್ಕೇ ಹಲ್ಲು ಕಟಕಟಿಸುತ್ತದೆ. ಚಳಿ ತಡೆಯುವ ಈಜುಡುಪು (ವೆಟ್‌ಸೂಟ್) ಬಾಡಿಗೆಗೆ ಪಡೆಯುವಾಗ ದಪ್ಪನೆಯದನ್ನೇ ಕೇಳಿ. ಜಾಹೀರಾತಿನ ಚಿತ್ರಗಳಲ್ಲಿ ಕಾಣುವ ಬೆಚ್ಚನೆಯ ಹಸಿರು ನೀರು ಸೆಪ್ಟೆಂಬರಿನದು.

ಸಂಜೆ ಐದೂವರೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಆ ಹೊತ್ತಿಗೆ ಒಂದು ಗಂಟೆ ಮೊದಲೇ ಲಂಗರು ಬಿದ್ದಿರಬೇಕು. ದೀಪವಿಲ್ಲದ ಪಾಂಗಾ ಎಂಬ ಮೀನುಗಾರಿಕೆಯ ದೋಣಿಗಳೂ, ನೀರಿನಲ್ಲಿ ತೇಲುವ ಬಲೆಗಳೂ ಕತ್ತಲಲ್ಲಿ ಕಾಣುವುದಿಲ್ಲ. ಲಾ ಪಾಸ್ ಪಟ್ಟಣದ ಮುಂದೆಯೇ ಲಂಗರು ಹಾಕುವುದಾದರೆ ಇನ್ನೊಂದು ವಿಚಿತ್ರವನ್ನು ಕಾಣುತ್ತೀರಿ. ಉಬ್ಬರವಿಳಿತದ ಸೆಳೆತ ಒಂದು ಕಡೆಗೆ, ಗಾಳಿ ಇನ್ನೊಂದು ಕಡೆಗೆ ಎಳೆದಾಗ ಅಕ್ಕಪಕ್ಕದ ದೋಣಿಗಳು ಬೇರೆ ಬೇರೆ ದಿಕ್ಕಿಗೆ ಮುಖಮಾಡಿ ತಿರುಗುತ್ತವೆ. ಅಲ್ಲಿಯವರು ಇದಕ್ಕೆ, ಜೋಡಿಯಾಗಿ ಸುತ್ತುತ್ತ ಕುಣಿಯುವ ನೃತ್ಯದ ಹೆಸರಿನಿಂದ, ‘ಲಾ ಪಾಸ್ ವಾಲ್ಟ್ಸ್’ ಎಂದು ಹೆಸರಿಟ್ಟಿದ್ದಾರೆ. ನೋಡಲು ತಮಾಷೆ; ನೆರೆಯ ದೋಣಿ ನಡುರಾತ್ರಿ ನಿಮ್ಮ ಕಿಟಕಿಗೆ ಬಂದಾಗ ತಮಾಷೆಯಲ್ಲ.

ಬೆಚ್ಚಗಿನ ನೀರು ಮತ್ತು ಸೌಮ್ಯವಾದ ಗಾಳಿ ಬೇಕಿದ್ದರೆ ಇನ್ನೂ ದಕ್ಷಿಣಕ್ಕೆ, ಮೆಕ್ಸಿಕೋದ ಮುಖ್ಯಭೂಮಿಗೆ ಹೋಗಬೇಕು. ನೀವು ಕೇಳದೆ ಇದ್ದರೂ ನಾನು ಇದನ್ನೇ ಮುಂದಿಡುತ್ತೇನೆ. ಪುಎರ್ತೋ ವಯಾರ್ತಾ ಇರುವ ಬಂದೇರಾಸ್ ಕೊಲ್ಲಿ ದೊಡ್ಡದು, ಉತ್ತರಕ್ಕೆ ಪುಂತಾ ಮಿತಾ ಎಂಬ ಭೂಶಿರದ ಮರೆಯಿದೆ, ಕೊರ್ತೇಸ್‌ನ ನೋರ್ತೆ ಇಲ್ಲಿಗೆ ಮುಟ್ಟುವ ಹೊತ್ತಿಗೆ ಬಹುಮಟ್ಟಿಗೆ ದಣಿದಿರುತ್ತದೆ. ಬೆಳಿಗ್ಗೆ ಗಾಳಿ ಇರುವುದಿಲ್ಲ. ಮಧ್ಯಾಹ್ನ ಕಡಲಗಾಳಿ ಏಳುತ್ತದೆ, ಸಂಜೆಗೆ ಇಳಿಯುತ್ತದೆ. ನೀರು 25 ಡಿಗ್ರಿಯ ಆಸುಪಾಸು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಗೂನುಬೆನ್ನಿನ ತಿಮಿಂಗಿಲಗಳು ಮರಿ ಹಾಕಲು ಈ ಕೊಲ್ಲಿಗೇ ಬರುತ್ತವೆ, ಅವನ್ನು ನೋಡಲು ಹುಡುಕಿಕೊಂಡು ಹೋಗಬೇಕಾಗಿಯೂ ಇಲ್ಲ. ದೂರ ಕಾಯ್ದುಕೊಳ್ಳುವುದು ಕಾನೂನು ಮಾತ್ರವಲ್ಲ, ನಲವತ್ತು ಅಡಿಯ ದೋಣಿಗೆ ನಲವತ್ತು ಅಡಿಯ ಪ್ರಾಣಿಯ ಬಗ್ಗೆ ಇರಬೇಕಾದ ವಿವೇಕವೂ ಹೌದು. ಕೊಲ್ಲಿಯ ದಂಡೆಯ ಲಾ ಕ್ರೂಸ್ ಎಂಬ ಊರಿನಲ್ಲಿ ಮನೆ ಮಾಡಿಕೊಂಡು ದಿನಕ್ಕೊಂದು ಸುತ್ತು ಹೋಗಿ ಬರಬಹುದು. ನದಿಗಳ ಅಳಿವೆಗಳಲ್ಲಿ ಮಾತ್ರ ನೀರಿಗಿಳಿಯಬೇಡಿ, ಮೊಸಳೆಗಳಿವೆ.

ಅನುಭವಿ ಕ್ಯಾಪ್ಟನ್ ಸಿಕ್ಕರೆ, ಹವೆ ಒಪ್ಪಿದರೆ, ಕಾಬೋ ಕೊರಿಯೆಂತೆಸ್ ಭೂಶಿರವನ್ನು ಗಾಳಿ ಮಲಗಿರುವ ಬೆಳಗಿನ ಜಾವದಲ್ಲಿ ದಾಟಿ ದಕ್ಷಿಣದ ಚಮೇಲಾ, ತೆನಕತೀತಾ ಕೊಲ್ಲಿಗಳಿಗೆ ಇಳಿಯಬಹುದು. ಅವುಗಳಾಚೆ ಇರುವುದು ಬಾರ್ರಾ ದೆ ನಾವಿದಾದ್. ‘ನಾವಿದಾದ್’ ಎಂದರೆ ಸ್ಪ್ಯಾನಿಷ್‌ನಲ್ಲಿ ಕ್ರಿಸ್ಮಸ್. ಸ್ಪೇನಿನ ವೈಸರಾಯ್ ಆಂಟೋನಿಯೋ ದೆ ಮೆಂದೋಸಾ 1540ರ ಡಿಸೆಂಬರ್ 25ರಂದು ಅಲ್ಲಿಗೆ ಬಂದಿದ್ದರಿಂದ ಆ ಬಂದರಿಗೆ ಈ ಹೆಸರು. 1564ರ ನವೆಂಬರ್‌ನಲ್ಲಿ ಫಿಲಿಪೀನ್ಸ್‌ಗೆ ಹೊರಟ ಸ್ಪೇನಿನ ದಂಡಯಾತ್ರೆಯ ನಾಯಕ ಲೆಗಾಸ್ಪಿಯ ಹಡಗುಗಳು ಹಾಯಿ ಬಿಚ್ಚಿದ್ದೂ ಅಲ್ಲಿಂದಲೇ. ಕ್ರಿಸ್ಮಸ್ ದಿನವನ್ನು ಕ್ರಿಸ್ಮಸ್ ಎಂಬ ಊರಿನಲ್ಲೇ ಕಳೆಯುವುದು ಮಕ್ಕಳಿಗೆ ಹೇಳಿಕೊಳ್ಳಲು ಚೆನ್ನ. ಆದರೆ ಬಂದೇರಾಸ್‌ನಿಂದ ಅಲ್ಲಿಗೆ ಹೋಗಿಬರಲು ಒಂದು ವಾರವಾದರೂ ಬೇಕು, ಮೊದಲ ಹೆಜ್ಜೆಯೇ ನೂರು ಮೈಲಿಯ ಸಮೀಪ. ಅಲ್ಲಿಯ ಹಿನ್ನೀರಿನ ಕಾಲುವೆಯ ಗುರುತನ್ನು ಒಂದಿಷ್ಟು ತಪ್ಪಿದವರೂ ಕೆಸರಿನಲ್ಲಿ ಕೂರುತ್ತಾರೆ. ಉಬ್ಬರ ಬರುವವರೆಗೆ ದಡದವರಿಗೆಲ್ಲ ಅದೊಂದು ಮನರಂಜನೆ. ಮೊದಲ ಸಲಕ್ಕೆ ಈ ದಾರಿ ನಿಮಗೆ ಬೇಡ.

ಮಾವನವರ ವಿಷಯವನ್ನು ಬೇರೆಯಾಗಿಯೇ ನೋಡಬೇಕು. ರಕ್ತದೊತ್ತಡ ಹತೋಟಿಯಲ್ಲಿದ್ದು ವೈದ್ಯರು ಒಪ್ಪಿದರೆ ವಯಸ್ಸೊಂದೇ ಅಡ್ಡಿಯಲ್ಲ. ಹಿರಿಯರಿಗೆ ಪೆಟ್ಟಾಗುವುದನ್ನು ನಾನು ಕಂಡಿರುವುದು ತೆರೆದ ಕಡಲಿಗಿಂತ ಹೆಚ್ಚಾಗಿ ಡಿಂಗಿಯಿಂದ ದೋಣಿಗೆ ಏರುವ ಆ ಒಂದು ಹೆಜ್ಜೆಯಲ್ಲಿ. ಎರಡೂ ಬೇರೆ ಬೇರೆ ಲಯದಲ್ಲಿ ಏರಿಳಿಯುತ್ತಿರುವಾಗ ಒಂದು ಕಾಲು ಅಲ್ಲಿ ಒಂದು ಕಾಲು ಇಲ್ಲಿ ಎಂದು ನಿಂತವರು ನಡುವೆ ಜಾರುತ್ತಾರೆ. ಬಾಡಿಗೆಯ ದೋಣಿಗೆ ಹಿಂಬದಿಯಲ್ಲಿ ಅಗಲವಾದ ಮೆಟ್ಟಿಲಿದೆಯೇ ಎಂದು ಕೇಳಿ. ಇಲ್ಲವೆಂದರೆ ಬೇರೆ ದೋಣಿ ನೋಡಿ. ಎರಡು ಒಡಲಿನ ಕೆಟಮರಾನ್ ಆದರೆ ಅಷ್ಟು ವಾಲುವುದಿಲ್ಲ, ಬಾಡಿಗೆ ಹೆಚ್ಚಾದರೂ ಅವರಿಗೆ ಅದೇ ಅನುಕೂಲ. ದ್ವೀಪಗಳಿಂದ ಲಾ ಪಾಸ್‌ನ ಆಸ್ಪತ್ರೆಗೆ ಹಾಯಿದೋಣಿಯಲ್ಲಿ ನಾಲ್ಕೈದು ಗಂಟೆ ಎಂಬುದು ಅವರ ವೈದ್ಯರಿಗೂ ತಿಳಿದಿರಲಿ.

ಕಡಲಬೇನೆಗೆ ಧೈರ್ಯ ಅಧೈರ್ಯಗಳೊಡನೆ ಸಂಬಂಧವಿಲ್ಲ. ಒಳಗಿವಿ ದೇಹ ತೂಗುತ್ತಿದೆ ಎನ್ನುತ್ತದೆ, ಕೋಣೆಯೊಳಗಿನ ಕಣ್ಣು ಎಲ್ಲ ಸ್ಥಿರವಾಗಿದೆ ಎನ್ನುತ್ತದೆ; ಈ ತಕರಾರೇ ವಾಂತಿಗೆ ಕಾರಣ. ಎರಡರಿಂದ ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ಅದು ಹೆಚ್ಚು, ಹಾಗಾಗಿ ಮೊದಲು ಮಲಗುವವಳು ನಿಮ್ಮ ಮಗಳೇ ಇರಬಹುದು. ಬರಿಹೊಟ್ಟೆಯಲ್ಲಿದ್ದರೆ ಬರುವುದಿಲ್ಲ ಎಂಬುದು ತಪ್ಪು ಕಲ್ಪನೆ. ಸ್ವಲ್ಪ ಒಣ ತಿಂಡಿ ತಿಂದು, ಮೇಲೆ ಗಾಳಿಯಲ್ಲಿ ಕುಳಿತು ದಿಗಂತವನ್ನು ನೋಡುವುದೇ ವಾಸಿ. ಶುಂಠಿ ಕೆಲವರಿಗೆ ನೆರವಾಗುತ್ತದೆ. ಮಾತ್ರೆಯನ್ನು ವಾಂತಿ ಶುರುವಾದ ಮೇಲಲ್ಲ, ಹೊರಡುವ ಗಂಟೆ ಮುಂಚೆ ತೆಗೆದುಕೊಳ್ಳಬೇಕು. ಕಿವಿಯ ಹಿಂದೆ ಅಂಟಿಸುವ ಸ್ಕೋಪೋಲಮಿನ್ ಪಟ್ಟಿಯನ್ನು ಮಾತ್ರ ಮಾವನವರಿಗೆ ವೈದ್ಯರನ್ನು ಕೇಳದೆ ಹಾಕಬೇಡಿ: ಹಿರಿಯರಲ್ಲಿ ಅದು ಗಲಿಬಿಲಿ, ಮೂತ್ರ ಕಟ್ಟುವಿಕೆಗಳನ್ನು ತರಬಲ್ಲದು, ಗ್ಲಾಕೋಮಾ ಇದ್ದವರಿಗೆ ಇನ್ನೂ ಕೆಡುಕು. ಜೊತೆಗೆ, ಸೂಡೋಎಫೆಡ್ರಿನ್ ಇರುವ ನೆಗಡಿ ಮಾತ್ರೆಗಳು ಮೆಕ್ಸಿಕೋದಲ್ಲಿ ನಿಷಿದ್ಧ. ಔಷಧಿ ಪೆಟ್ಟಿಗೆಯಿಂದ ಅವನ್ನು ತೆಗೆದಿಡಿ.

ಈಜು ಬಾರದವರು ದೋಣಿ ಹತ್ತಬಾರದೆಂದಿಲ್ಲ. ಹೊನ್ನಾವರದಲ್ಲಿ ನಾನು ಕಂಡ ಎಷ್ಟೋ ಹಳೆಯ ಬೆಸ್ತರಿಗೆ ಹೇಳಿಕೊಳ್ಳುವಂತೆ ಈಜು ಬರುತ್ತಿರಲಿಲ್ಲ. ಆದರೆ ಡಿಂಗಿಯಲ್ಲೂ ಮೇಲ್ತಟ್ಟಿನಲ್ಲೂ ಲೈಫ್ ಜಾಕೆಟ್ ಮೈಮೇಲೇ ಇರಬೇಕು, ಮಗಳದ್ದು ಅವಳ ತೂಕಕ್ಕೆ ಸರಿಹೊಂದಬೇಕು. ಅದನ್ನು ಫ್ರೀಮಾಂಟ್‌ನಲ್ಲೇ ಕೊಂಡು, ಈಜುಕೊಳದಲ್ಲಿ ಒಮ್ಮೆ ತೇಲಿಸಿ ನೋಡಿ ಒಯ್ಯಿರಿ.

ಊಟದ ಬಗ್ಗೆ ಹೆಚ್ಚು ಚಿಂತೆ ಬೇಡ, ಎಚ್ಚರ ಸಾಕು. ಮೆಕ್ಕೆಜೋಳದ ತೊರ್ತಿಯಾ ರೊಟ್ಟಿ ನಿರಾತಂಕ, ಆದರೆ ಉತ್ತರದ ಗೋಧಿ ತೊರ್ತಿಯಾ, ಅರೆದು ಹುರಿದ ಹುರುಳಿಕಾಯಿ ಬೀಜದ ಪಲ್ಯ, ಕ್ರಿಸ್ಮಸ್ಸಿಗೆ ತಪ್ಪದೆ ಮಾಡುವ ತಮಾಲೆ ಎಂಬ ಮೆಕ್ಕೆಜೋಳದ ಕಡುಬು ಇವುಗಳಲ್ಲಿ ಹಂದಿಯ ಕೊಬ್ಬು ಇರುವುದು ಸಾಮಾನ್ಯ, ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸಿರಬಹುದು. ‘ಸಿನ್ ಮಾಂತೇಕಾ’, ಕೊಬ್ಬಿಲ್ಲದೆ, ಎಂಬ ಎರಡು ಮಾತನ್ನು ಕಲಿತುಕೊಳ್ಳಿ. ಹುಣಸೆಹಣ್ಣಿನ ಪಾನಕ ಎಲ್ಲೆಡೆ ಸಿಗುತ್ತದೆ, ಮಾವನವರಿಗೆ ಹಿಡಿಸೀತು. ಡಿಸೆಂಬರ್ 24ರ ಮಧ್ಯಾಹ್ನದಿಂದ ಅಂಗಡಿಗಳು ಮುಚ್ಚತೊಡಗುತ್ತವೆ, ಆದ್ದರಿಂದ ದಿನಸಿಯನ್ನೂ ಇಪ್ಪತ್ತು ಲೀಟರಿನ ನೀರಿನ ಕ್ಯಾನುಗಳನ್ನೂ 22ರೊಳಗೆ ತುಂಬಿಸಿ. ಸ್ನಾನಕ್ಕೆ ಕೈಬಿಗಿ ಹಿಡಿದರೂ ತಲೆಗೆ ದಿನಕ್ಕೆ ಹತ್ತು ಲೀಟರ್ ಲೆಕ್ಕ ಹಾಕುವುದು ನನ್ನ ರೂಢಿ. ಇನ್ನೊಂದು ಮಾತು: ದೋಣಿಯಲ್ಲಿ ಒಂದು ಗಾಳವಿದ್ದರೂ ಅದರಲ್ಲಿರುವ ಎಲ್ಲರಿಗೂ ಮೀನುಗಾರಿಕೆಯ ಪರವಾನಗಿ ಬೇಕೆನ್ನುತ್ತದೆ ಅಲ್ಲಿಯ ಕಾನೂನು. ನೀವು ಹಿಡಿಯದಿದ್ದರೂ ಕ್ಯಾಪ್ಟನ್‌ನ ಗಾಳ ಇದ್ದೀತು, ಕೇಳಿಕೊಳ್ಳಿ.

ಈಗ ವೀಸಾ. ಹಡಗಿನ ಹಗ್ಗಕ್ಕಿಂತ ಇದು ಹೆಚ್ಚು ಸಿಕ್ಕುಸಿಕ್ಕು. ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಅವಧಿ ಮುಗಿಯದ ಅಮೆರಿಕದ ವೀಸಾ ಅಥವಾ ಹಸಿರು ಕಾರ್ಡ್ ಇದ್ದರೆ ಮೆಕ್ಸಿಕೋ ಬೇರೆ ವೀಸಾ ಕೇಳುವುದಿಲ್ಲ. ಮಾವನವರ ಪ್ರವಾಸಿ ವೀಸಾ ಊರ್ಜಿತವಾಗಿದ್ದರೆ ಅವರಿಗೆ ತೊಂದರೆಯಿಲ್ಲ, ಅಮೆರಿಕದ ಪಾಸ್‌ಪೋರ್ಟ್ ಇರುವ ಮಗಳಿಗೂ ಇಲ್ಲ. ತೊಂದರೆ ಉಳಿದ ಮೂವರಿಗೆ. ಎಚ್-1ಬಿ ಅನುಮೋದನೆಯ ಪತ್ರ ಎಷ್ಟೇ ಹೊಸದಾಗಿದ್ದರೂ ಪಾಸ್‌ಪೋರ್ಟಿನ ಮುದ್ರೆಯ ಅವಧಿ ಮುಗಿದಿದ್ದರೆ ಮೆಕ್ಸಿಕೋದ ವಿನಾಯಿತಿ ಅನ್ವಯಿಸುವುದಿಲ್ಲ, ಮೆಕ್ಸಿಕೋದ ಕಾನ್ಸುಲೇಟಿನಿಂದ ವೀಸಾ ಪಡೆಯಲೇಬೇಕು. ಮರಳುವಾಗ, ಮೂವತ್ತು ದಿನದೊಳಗಿನ ಮೆಕ್ಸಿಕೋ ಪ್ರವಾಸವಾದರೆ ಮುದ್ರೆ ಮುಗಿದವರೂ ಊರ್ಜಿತ ಐ-94ರ (ಅಮೆರಿಕದಲ್ಲಿ ಎಷ್ಟು ದಿನ ಇರಬಹುದೆಂದು ಹೇಳುವ ಪ್ರವೇಶ ದಾಖಲೆ) ಮೇಲೆ ಅಮೆರಿಕಕ್ಕೆ ಬರಲು ಅವಕಾಶವಿದೆ. ಆದರೆ ಅದಕ್ಕೆ ಷರತ್ತುಗಳಿವೆ. ಹೊಸ ಅಮೆರಿಕದ ವೀಸಾಕ್ಕೆ ಅಲ್ಲಿ ಅರ್ಜಿ ಹಾಕಿದರೆ ಆ ದಾರಿ ಮುಚ್ಚುತ್ತದೆ. ದೋಣಿ ನಡೆಸುವವನ ಮಾತನ್ನು ಇಲ್ಲಿ ಕೊನೆಯ ಮಾತೆಂದುಕೊಳ್ಳಬೇಡಿ, ವಲಸೆ ವಕೀಲರಿಗೆ ತೋರಿಸಿ. ಬೇರೆ ಯಾವ ಟಿಕೆಟನ್ನೂ ಕಾಯ್ದಿರಿಸುವ ಮೊದಲು ಕಾನ್ಸುಲೇಟಿನ ಭೇಟಿಯ ದಿನಾಂಕವನ್ನು ಕಾಯ್ದಿರಿಸಿ. ಅದು ಸಿಗದಿದ್ದರೆ ಮೇಲಿನ ಇಷ್ಟೂ ಮಾತು ಮುಂದಿನ ವರ್ಷಕ್ಕೆ.

ಸಿಕ್ಕಿದರೆ ನಾನು ನಿಮ್ಮ ಜಾಗದಲ್ಲಿದ್ದು ಮಾಡುವುದು ಇಷ್ಟು: ಬಂದೇರಾಸ್ ಕೊಲ್ಲಿಯ ದಂಡೆಯಲ್ಲಿ ಎಂಟು ದಿನಕ್ಕೆ ಒಂದು ಮನೆ, ಕ್ಯಾಪ್ಟನ್ ಸಮೇತ ಮೂರು ಹಗಲಿನ ಹಾಯಿಯಾನ, ಎಲ್ಲರಿಗೂ ಒಗ್ಗಿದರೆ ಒಂದೋ ಎರಡೋ ರಾತ್ರಿ ದೋಣಿಯಲ್ಲಿ ಮಲಗುವುದು. ಮಾವನವರಿಗೆ ಬೇಡವೆನಿಸಿದ ದಿನ ಅವರು ಊರಿನಲ್ಲೇ ಉಳಿಯಬಹುದು. 24ರವರೆಗೆ ಬೀದಿಗಳಲ್ಲಿ ಪೊಸಾದಾ ಮೆರವಣಿಗೆಗಳು ನಡೆಯುತ್ತವೆ, ದೋಣಿಯಲ್ಲಿದ್ದವರಿಗಿಂತ ಹೆಚ್ಚು ಕ್ರಿಸ್ಮಸ್ ಅವರಿಗೇ ಸಿಕ್ಕೀತು. ಮಗನ ಒತ್ತಾಯ ಗೆದ್ದು ಲಾ ಪಾಸ್‌ಗೇ ಹೋಗುವುದಾದರೆ ಕ್ಯಾಪ್ಟನ್ ಇಲ್ಲದೆ ಬಾಡಿಗೆಗೆ ಪಡೆಯಬೇಡಿ, ಏಳು ದಿನದ ಬಾಡಿಗೆಯಲ್ಲಿ ನಾಲ್ಕು ದಿನದ ದಾರಿಯನ್ನಷ್ಟೇ ಹಾಕಿಕೊಳ್ಳಿ, ದೋಣಿಯನ್ನು ಹಿಂದಿರುಗಿಸುವ ದಿನಕ್ಕೂ ವಿಮಾನಕ್ಕೂ ನಡುವೆ ಎರಡು ರಾತ್ರಿ ಬಿಡಿ. ಟಿಕೆಟ್ ದಿನಾಂಕ ಬದಲಿಸಲು ಬರುವಂಥದ್ದೇ ಇರಲಿ, ಆ ಅಗ್ಗದ ಟಿಕೆಟ್ ಬೇಡ.

ಕೊನೆಗೆ ನಿಮ್ಮ ಮಗಳ ಪ್ರಶ್ನೆ. ನಕ್ಷತ್ರವನ್ನು ಖಂಡಿತ ಕಟ್ಟಬಹುದು, ಮಂಗಳೂರಿನ ಮನೆಗಳ ಮುಂದೆ ತೂಗುವಂಥ ಕಾಗದದ್ದಲ್ಲ, ಬಟ್ಟೆಯದ್ದೋ ಪ್ಲಾಸ್ಟಿಕ್‌ನದ್ದೋ, ಬ್ಯಾಟರಿಯ ದೀಪದ್ದು. ಆದರೆ ಕಂಬದ ತುದಿಗೆ ಬೇಡ. ಲಂಗರು ಹಾಕಿದ ದೋಣಿ ಸುತ್ತಲೂ ಕಾಣುವ ಬಿಳಿಯ ದೀಪ ತೋರಿಸಬೇಕೆಂಬುದು ಎಲ್ಲ ಕಡಲುಗಳಿಗೂ ಒಂದೇ ನಿಯಮ. ಆ ದೀಪ ಇರುವುದು ತುದಿಯಲ್ಲೇ. ಅದರ ಕೆಳಗೆ, ಕಂಬದ ಅರ್ಧಕ್ಕಿಂತ ತಗ್ಗಿನಲ್ಲಿ, ಧ್ವಜ ಏರಿಸುವ ತೆಳು ಹಗ್ಗಕ್ಕೆ ಕಟ್ಟಿದರೆ ಅವಳೇ ಏರಿಸಿ ಇಳಿಸಬಹುದು. ಬಣ್ಣ ಹಸಿರೂ ಕೆಂಪೂ ಬೇಡ, ಅವು ಚಲಿಸುವ ದೋಣಿಯ ಎಡಬಲದ ದೀಪಗಳ ಬಣ್ಣ. ಹಳದಿ ತನ್ನಿ. ಮಲಗುವ ಮುನ್ನ ಇಳಿಸಲು ಹೇಳಿ. ರಾತ್ರಿ ಗಾಳಿ ಎದ್ದರೆ ಅದು ಕಂಬಕ್ಕೆ ಟಕಟಕ ಬಡಿಯುತ್ತದೆ, ಯಾರಿಗೂ ನಿದ್ದೆ ಬರುವುದಿಲ್ಲ.